‘ಕೊಲೆಗಾರ ಯಾರು?’ ಎಂಬ ಊಹೆಯೂ ಅನರ್ಥದಂಡವೇ

ದೂರದರ್ಶನದ ಅಪರಾಧ ಧಾರಾವಾಹಿಗಳ ಬಗ್ಗೆ ಯಾರಾದರೂ ಆಕ್ಷೇಪವೆತ್ತಿದರೆ ನಮ್ಮ ಸಮಾಜದ ಸುಶಿಕ್ಷಿತರಲ್ಲಿ ಈಗ ಒಂದು ಸಿದ್ಧ ಉತ್ತರವಿದೆ. “ನಾವು ಕೊಲೆಯನ್ನು ನೋಡಿ ಸಂತೋಷಪಡುವವರಲ್ಲ. ಕೊನೆಗೆ ಸಿಕ್ಕಿಬೀಳುವವನು ಯಾರೆಂದು ಮೊದಲೇ ಊಹಿಸುತ್ತೇವೆ. ಅದು ಬುದ್ಧಿಗೆ ವ್ಯಾಯಾಮ. ಅಪರಾಧಿಗೆ ಶಿಕ್ಷೆಯಾಗುವುದರಿಂದ ಕರ್ಮಸಿದ್ಧಾಂತವೂ ಸಮರ್ಥನೆಗೊಳ್ಳುತ್ತದೆ.” ಪರ್ವದ ದಿನಗಳಲ್ಲಿ ಮಕ್ಕಳನ್ನು ಬಸದಿಗೆ ಸೆಳೆಯಲು ಇಂಥ ಪತ್ತೇದಾರಿ ಸ್ಪರ್ಧೆಗಳನ್ನೇ ಏರ್ಪಡಿಸಬಾರದೇಕೆ ಎಂದು ಕೇಳುವವರೂ ಇದ್ದಾರೆ. ಈ ಉತ್ತರವು ಮೇಲುನೋಟಕ್ಕೆ ಸಮಂಜಸವೆಂದು ಕಾಣುತ್ತದೆ. ಆದರೆ ಶ್ರಾವಕಾಚಾರದ ತಕ್ಕಡಿಯಲ್ಲಿಟ್ಟು ತೂಗಿದರೆ ಅದು ನಿಲ್ಲುವುದಿಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳೋಣ. ದೂರದರ್ಶನದ ಪೆಟ್ಟಿಗೆಯನ್ನೇ ಮನೆಯಿಂದ ಹೊರಗೆಸೆಯಬೇಕೆಂದು ನಾನು ಹೇಳುವುದಿಲ್ಲ. ಫೋನಿನ ಮೂಲಕ ಬ್ಯಾಂಕಿನ ಹಣ ದೋಚುವ ವಂಚಕರ ರೀತಿಗಳನ್ನು ತಿಳಿಸುವ ಕಾರ್ಯಕ್ರಮಗಳಿಂದ ನಮ್ಮ ವೃದ್ಧರಿಗೆ ಉಪಕಾರವಾಗಿದೆ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳಿಂದ ಸಾಕ್ಷ್ಯವೆಂದರೇನು, ಪಾಟೀಸವಾಲು ಎಂದರೇನು ಎಂಬುದನ್ನು ಎಷ್ಟೋ ಗೃಹಿಣಿಯರು ಅರಿತರು. ನನ್ನ ಆಕ್ಷೇಪವಿರುವುದು ನೋಟದ ಜೊತೆಗೆ ಬೆಳೆದಿರುವ ಊಹೆಯ ಚಟಕ್ಕೆ.

ಈ ಚಟ ಹೊಸದೇನಲ್ಲ. 1985ರಲ್ಲಿ ‘ಕರಮಚಂದ್’, 1993ರಲ್ಲಿ ‘ಬ್ಯೋಮಕೇಶ್ ಬಕ್ಷಿ’ ಪ್ರಸಾರವಾದಾಗಲೂ ಜನ ಊಹಿಸುತ್ತಿದ್ದರು. 1998ರ ಜನವರಿಯಲ್ಲಿ ಆರಂಭವಾದ ಹಿಂದಿಯ ‘ಸಿ.ಐ.ಡಿ.’ ಇಪ್ಪತ್ತು ವರ್ಷ ನಡೆದು 2018ರಲ್ಲಿ ನಿಂತು, 2024ರ ಡಿಸೆಂಬರಿನಲ್ಲಿ ಪುನಃ ಪ್ರಾರಂಭವಾಯಿತು. ಆದರೆ ಅಂದಿನ ಬಹುತೇಕ ಕಥೆಗಳು ಒಂದೆರಡು ಕಂತುಗಳಲ್ಲಿ ಮುಗಿಯುತ್ತಿದ್ದವು. ಊಹೆಯೂ ಅಲ್ಲಿಗೇ ಮುಗಿಯುತ್ತಿತ್ತು. ಈಗಿನ ಧಾರಾವಾಹಿ ಒಂದು ಸಾವಿನ ರಹಸ್ಯವನ್ನು ವರ್ಷಗಟ್ಟಲೆ ಎಳೆಯುತ್ತದೆ. ಸಂಶಯವು ಮನೆಯ ಸದಸ್ಯನಂತೆ ನಮ್ಮೊಡನೆ ಉಂಡು ಮಲಗುತ್ತದೆ. ರಾತ್ರಿ ಕಂತು ಮುಗಿದರೆ ಬೆಳಗ್ಗೆ ಅಂಗಡಿಯ ಗಾದಿಯ ಮೇಲೆ ಅದರ ಚರ್ಚೆ. “ಆ ಮೈದುನನ ಮ್ಯಾಲ ನನಗ ಸಂಶಯ ಐತ್ರಿ” ಎಂದು ಗಿರಾಕಿ, “ಇಲ್ರೀ, ಆ ಹೆಣಮಗಳದ ಕೆಲಸ ಇದು” ಎಂದು ಗುಮಾಸ್ತ. ಮನೆಯೊಳಗೆ ಅತ್ತೆ ಸೊಸೆಯ ಪಾತ್ರವನ್ನು ಶಂಕಿಸುತ್ತಾಳೆ, ಸೊಸೆ ಅತ್ತೆಯ ಪಾತ್ರವನ್ನು.

ಈಗ ಪರೀಕ್ಷೆಗೆ ಬರೋಣ. ಬುದ್ಧಿಗೆ ವ್ಯಾಯಾಮವೆಂಬ ವಾದವನ್ನೇ ಮೊದಲು ತೆಗೆದುಕೊಳ್ಳುವ. ನಮ್ಮ ತರ್ಕಶಾಸ್ತ್ರದಲ್ಲಿ ಅನುಮಾನವೆಂಬುದು ಗೌರವದ ಪ್ರಮಾಣ. ಸಾಧ್ಯವಿಲ್ಲದೆ ಯಾವುದು ಸಂಭವಿಸಲಾರದೋ ಅದೇ ಹೇತು; ಹೊಗೆಯಿಂದ ಬೆಂಕಿಯನ್ನು ತಿಳಿಯುವುದು ಹೀಗೆ. ಧಾರಾವಾಹಿಯ ಊಹೆಗಾರನ ಬಳಿ ಇಂಥ ಹೇತು ಎಲ್ಲಿದೆ? ಹೆಸರಾಂತ ನಟನಿಗೆ ಸಣ್ಣ ಪಾತ್ರ ಕೊಟ್ಟಿದ್ದಾರೆ, ಆದ್ದರಿಂದ ಅವನೇ ಕೊಲೆಗಾರ. ಮೊದಲ ದಿನವೇ ಪೊಲೀಸರು ಹಿಡಿದವನು ನಿರಪರಾಧಿ. ಯಾರ ಮೇಲೆ ಯಾರಿಗೂ ಸಂಶಯವಿಲ್ಲವೋ ಅವರೇ ಪಾಪಿಗಳು. ಇವೆಲ್ಲ ಕಥೆ ಹೆಣೆಯುವವರ ವರಸೆಯನ್ನು ಬಲ್ಲ ಜಾಣತನವೇ ಹೊರತು ಮನುಷ್ಯಸ್ವಭಾವದ ಜ್ಞಾನವಲ್ಲ. ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳನ್ನು ಆಚಾರ್ಯರು ಹೇಳಿದ್ದಾರೆ. ವಸ್ತುವನ್ನು ಕಂಡ ಮೇಲೆ ವಿಚಾರಿಸಿ ತಿಳಿಯುವ ಈಹೆಯ ಮೆಟ್ಟಿಲನ್ನು ಊಹೆಗಾರನು ಹಾರಿಯೇ ಬಿಡುತ್ತಾನೆ, ಕಂಡೊಡನೆ ತೀರ್ಪು. ಇದನ್ನು ಅನೇಕಾಂತವೆಂದು ಕರೆಯುವವರೂ ಇದ್ದಾರೆ. ‘ಸ್ಯಾತ್’ ಎನ್ನುವವನು ಇತರ ದೃಷ್ಟಿಗಳಿಗೂ ಬಾಗಿಲು ತೆರೆದಿಡುತ್ತಾನೆ. ‘ಇವಳೇ’ ಎನ್ನುವವನು ಎಲ್ಲ ಬಾಗಿಲುಗಳನ್ನೂ ಮುಚ್ಚಿರುತ್ತಾನೆ.

ಮೇಲಾಗಿ, ಊಹಿಸಲು ಅಲ್ಲೊಂದು ನಿಜವಾದ ಕೊನೆಯೇ ಇರುವುದಿಲ್ಲ. 2019ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಜೊತೆ ಜೊತೆಯಲಿ’ಯನ್ನು ನೆನಪಿಸಿಕೊಳ್ಳಿರಿ. ಪ್ರೇಮಕಥೆಯಾಗಿ ಹೊರಟದ್ದು ರಾಜನಂದಿನಿಯೆಂಬ ಹೆಂಗಸಿನ ಸಾವಿನ ರಹಸ್ಯದತ್ತ, ಪುನರ್ಜನ್ಮದತ್ತ ತಿರುಗಿತು. ಅದರ ಮೂಲವಾದ ‘ತುಲಾ ಪಾಹತೇ ರೇ’ ಎಂಬ ಮರಾಠಿ ಧಾರಾವಾಹಿಯನ್ನು ನೋಡಿದ್ದ ಬೆಳಗಾವಿ ಕಡೆಯ ನೆಂಟರಿಷ್ಟರು ‘ಇದರ ಕೊನೆ ನಮಗೆ ಗೊತ್ತು’ ಎಂದು ಬೀಗುತ್ತಿದ್ದರು. 2022ರ ಆಗಸ್ಟಿನಲ್ಲಿ ಮುಖ್ಯ ಪಾತ್ರಧಾರಿಯೇ ಧಾರಾವಾಹಿಯಿಂದ ಹೊರಗುಳಿಯುವಂತಾದಾಗ ಅಪಘಾತದ ಪ್ರಸಂಗವನ್ನು ತಂದು ಕಥೆಯನ್ನು ಬೇರೊಂದು ಮುಖದಿಂದ ಮುಂದುವರಿಸಬೇಕಾಯಿತು. ಅಪರಾಧಿಯ ಭವಿಷ್ಯವು ಅವನ ಕರ್ಮದಿಂದಲ್ಲದೆ ನಟರ ಒಪ್ಪಂದದಿಂದಲೂ ವೀಕ್ಷಕರ ಸಂಖ್ಯೆಯಿಂದಲೂ ನಿರ್ಧಾರವಾಗುವಲ್ಲಿ ಕರ್ಮಸಿದ್ಧಾಂತವನ್ನು ಕಾಣುವುದು ಆ ಸಿದ್ಧಾಂತಕ್ಕೇ ಮಾಡುವ ಅವಮಾನ. ನಮ್ಮ ಕರ್ಮವು ಜಾಹೀರಾತುದಾರರನ್ನು ಕೇಳಿ ಫಲ ಕೊಡುವುದಿಲ್ಲ.

ಇನ್ನು ಮುಖ್ಯವಾದ ವಿಷಯ. ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಅಂದರೆ ಪ್ರಯೋಜನವಿಲ್ಲದ ಪಾಪದಿಂದ ದೂರವಿರುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇಂಥ ಅನರ್ಥದಂಡಗಳನ್ನು ಐದೆಂದು ಎಣಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು ದುಃಶ್ರುತಿ. ರಾಗದಿಂದಲೋ ದ್ವೇಷದಿಂದಲೋ ಇನ್ನೊಬ್ಬರ ವಧ, ಬಂಧನಾದಿಗಳನ್ನು ಚಿಂತಿಸುವುದು ಅಪಧ್ಯಾನ. ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ಬಿಡಬೇಕೆಂದು ಹೇಳಿದ ವಿಕಥೆಗಳಲ್ಲಿ ಚೋರಕಥೆಯೂ ಸೇರಿದೆ. ಧಾರಾವಾಹಿಯನ್ನು ನೋಡುವುದು ದುಃಶ್ರುತಿಯ ಮಟ್ಟದಲ್ಲಿ ನಿಂತರೂ ನಿಂತೀತು. ಊಹೆಯು ಅದನ್ನು ಅಪಧ್ಯಾನಕ್ಕೆ ಕೊಂಡೊಯ್ಯುತ್ತದೆ. ಅದು ಹೇಗೆಂದು ಹೇಳುತ್ತೇನೆ.

‘ಕೊಲೆ ಮಾಡಿದವಳು ನಾದಿನಿಯೇ’ ಎಂದು ಮನೆಮಂದಿಯೆದುರು ಒಬ್ಬನು ಘೋಷಿಸುತ್ತಾನೆ. ಆ ಕ್ಷಣದಿಂದ ಅವನ ಮಾನವು ಆ ಮಾತಿನ ಮೇಲೆ ಒತ್ತೆಯಾಯಿತು. ಮುಂದಿನ ಪ್ರತಿಯೊಂದು ಕಂತಿನಲ್ಲೂ ಅವಳ ವಿರುದ್ಧ ಸಾಕ್ಷ್ಯ ಸಿಗಲೆಂದು ಅವನು ಕಾಯುತ್ತಾನೆ. ಸಿಕ್ಕರೆ ಹರ್ಷ. ಅವಳು ನಿರಪರಾಧಿಯೆಂದು ತಿಳಿದರೆ ಬೇಸರ, ಮುಖಭಂಗ. ಧರ್ಮಬಂಧುಗಳೇ, ಒಂದು ಜೀವವು ನಿರ್ದೋಷಿಯೆಂದು ತಿಳಿದಾಗ ದುಃಖಪಡುವ ಮನಸ್ಸನ್ನು ನಾವು ಯಾವ ಹೆಸರಿನಿಂದ ಕರೆಯಬೇಕು? ಊಹೆಯು ಹೀಗೆ ಹಾರೈಕೆಯಾಗುತ್ತದೆ. ಮಾನಕಷಾಯವು ಅದಕ್ಕೆ ನೀರೆರೆಯುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಉಂಟು. 2014ರಲ್ಲಿ ಬಂದ ‘ದೃಶ್ಯ’ ಚಲನಚಿತ್ರದಲ್ಲಿ ಹೆಣವು ಪತ್ತೆಯಾಗದಿರಲೆಂದೇ ಇಡೀ ಪ್ರೇಕ್ಷಕವರ್ಗ ಹಾರೈಸಿತು. ಒಮ್ಮೆ ನಿರಪರಾಧಿಗೆ ಶಿಕ್ಷೆಯನ್ನು, ಇನ್ನೊಮ್ಮೆ ಸತ್ಯಕ್ಕೆ ಗೋರಿಯನ್ನು ಬಯಸುವಂತೆ ಕಥೆಗಾರನು ನಮ್ಮ ಭಾವವನ್ನು ತಿರುಗಿಸಬಲ್ಲನಾದರೆ, ಆ ಭಾವದ ಲಗಾಮು ಯಾರ ಕೈಯಲ್ಲಿದೆ?

“ಅಲ್ಲಿ ಸತ್ತವರು ಯಾರೂ ಇಲ್ಲವಲ್ಲ, ನಟಿಯು ಚಹಾ ಕುಡಿದು ಮನೆಗೆ ಹೋಗುತ್ತಾಳೆ” ಎನ್ನುತ್ತಾರೆ. ಈ ಪ್ರಶ್ನೆಗೆ ಕನ್ನಡ ನಾಡು ಎಂಟು ಶತಮಾನಗಳ ಹಿಂದೆಯೇ ಉತ್ತರ ಹೇಳಿದೆ. 1209ರಲ್ಲಿ ಜನ್ನಕವಿಯು ಬರೆದ ಯಶೋಧರ ಚರಿತೆಯಲ್ಲಿ ಯಶೋಧರನು ಕೊಂದದ್ದು ಹಿಟ್ಟಿನ ಕೋಳಿಯನ್ನು. ಅದರಲ್ಲಿ ಜೀವವಿರಲಿಲ್ಲ, ರಕ್ತವಿರಲಿಲ್ಲ. ಆದರೆ ಕೊಲ್ಲುವ ಸಂಕಲ್ಪವಿತ್ತು. ಅದೊಂದರಿಂದಲೇ ತಾಯಿ ಚಂದ್ರಮತಿಯೂ ಮಗನೂ ತಿರ್ಯಗ್ಯೋನಿಗಳಲ್ಲಿ ಜನ್ಮಜನ್ಮಾಂತರ ತೊಳಲಿದರು. ವೀಕ್ಷಕನು ಖಡ್ಗವೆತ್ತಲಿಲ್ಲವೆಂಬುದು ನಿಜ. ಆದರೆ ತತ್ತ್ವಾರ್ಥಸೂತ್ರವು ಕೃತ, ಕಾರಿತ, ಅನುಮೋದಿತಗಳನ್ನು ಒಟ್ಟಿಗೇ ಹೇಳಿದೆ. ಸಂರಂಭ, ಸಮಾರಂಭ, ಆರಂಭ ಮೂರು; ಮನೋವಾಕ್ಕಾಯ ಮೂರು; ಕೃತಾದಿಗಳು ಮೂರು; ಕಷಾಯಗಳು ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳ ಈ ಲೆಕ್ಕದಲ್ಲಿ ಮನಸ್ಸಿನ ಅನುಮೋದನೆಗೂ ಮಣಿಗಳಿವೆ. ‘ಇಂದಿನ ಕಂತಿನಲ್ಲಿ ಏನೂ ಆಗಲೇ ಇಲ್ಲ, ಬೇಜಾರು’ ಎನ್ನುತ್ತೇವಲ್ಲ, ಯಾರೂ ಸಾಯಲಿಲ್ಲವೆಂಬುದೇ ಆ ಮಾತಿನ ಅರ್ಥ.

“ಹಾಗಾದರೆ ನಮ್ಮ ಪುರಾಣಗಳಲ್ಲೂ ಕಳ್ಳರು, ಕೊಲೆಗಡುಕರು ಇಲ್ಲವೇ?” ಇದು ಒಳ್ಳೆಯ ಪ್ರಶ್ನೆ, ಆದ್ದರಿಂದ ನಿಧಾನವಾಗಿ ಉತ್ತರಿಸಬೇಕು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಒಂದರ ಹೆಸರು ‘ವಿದ್ಯುಚ್ಚೋರನೆಂಬ ರಿಸಿಯ ಕಥೆ’. ಚೋರನು ಋಷಿಯಾಗುವನೆಂಬ ಕೊನೆಯನ್ನು ಶೀರ್ಷಿಕೆಯೇ ಬಿಟ್ಟುಕೊಟ್ಟಿದೆ! ಕೊಪ್ಪಳದ ಪಾಲ್ಕಿಗುಂಡಿನ ಬಂಡೆಯ ಮೇಲೆ ಯಾರ ಪಾದಗಳನ್ನು ಚಾವಯ್ಯನು ಕೆತ್ತಿಸಿದನೋ ಆ ಜಟಾಸಿಂಹನಂದ್ಯಾಚಾರ್ಯರ ವರಾಂಗಚರಿತದಲ್ಲಿ ಮಲತಾಯಿಯೂ ಮಂತ್ರಿಯೂ ಸೇರಿ ರಾಜಕುಮಾರನನ್ನು ದುಷ್ಟ ಕುದುರೆಯ ಮೇಲೇರಿಸಿ ಕಾಡುಪಾಲು ಮಾಡುತ್ತಾರೆ. ಸಂಚು ಯಾರದೆಂಬುದನ್ನು ಕವಿ ಮುಚ್ಚಿಡುವುದಿಲ್ಲ. ಕೊನೆಯನ್ನು ಬಚ್ಚಿಟ್ಟು ಕುತೂಹಲ ಕೆರಳಿಸುವುದು ನಮ್ಮ ಆಚಾರ್ಯರ ರೀತಿಯಲ್ಲ. ಯಾರೆಂದು ಮೊದಲೇ ತಿಳಿದವನು ‘ಏಕೆ?’ ಎಂದು ಕೇಳುತ್ತಾನೆ: ಯಾವ ಕಷಾಯದಿಂದ ಇದು ಹುಟ್ಟಿತು, ಎಲ್ಲಿ ತಡೆಯಬಹುದಿತ್ತು, ಅದೇ ಬೀಜ ನನ್ನಲ್ಲಿಲ್ಲವೇ? ಧಾರಾವಾಹಿಯ ಪ್ರಶ್ನೆ ಪರರತ್ತ ಬೆರಳು ತೋರಿಸುತ್ತದೆ. ಪುರಾಣದ ಪ್ರಶ್ನೆ ನಮ್ಮತ್ತಲೇ ತಿರುಗುತ್ತದೆ. ವಸ್ತು ಒಂದೇ ಇದ್ದರೂ ಫಲ ಬೇರೆ.

ಇದೆಲ್ಲ ಶಾಸ್ತ್ರದ ಸೂಕ್ಷ್ಮ, ವ್ಯವಹಾರದಲ್ಲಿ ಹಾನಿಯೇನು ಎಂದರೆ, ಹಾನಿ ಕಣ್ಣೆದುರಿಗಿದೆ. 2008ರ ಮೇ ತಿಂಗಳಲ್ಲಿ ನೋಯ್ಡಾದಲ್ಲಿ ಆರುಷಿಯೆಂಬ ಬಾಲಿಕೆಯ ಕೊಲೆಯಾದಾಗ ಮೊದಲ ದಿನ ಎಲ್ಲರ ಬೆರಳು ಮನೆಗೆಲಸದ ಹೇಮರಾಜನತ್ತ ತಿರುಗಿತು. ಮರುದಿನ ಅದೇ ಮನೆಯ ಮಾಳಿಗೆಯ ಮೇಲೆ ಅವನ ಶವ ಸಿಕ್ಕಿತು. ಬಳಿಕ ತಂದೆತಾಯಿಗಳ ಕುರಿತು ವರ್ಷಗಟ್ಟಲೆ ವಾಹಿನಿಗಳಲ್ಲಿ ಧಾರಾವಾಹಿಯಂತೆಯೇ ಊಹೆ ನಡೆಯಿತು. 2013ರಲ್ಲಿ ಅವರಿಗೆ ಶಿಕ್ಷೆಯಾಯಿತು. 2017ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು. ನಮಗೆ ಇನ್ನೂ ಸಮೀಪದ ನೋವು ಇದೆ. 2023ರ ಜುಲೈಯಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ಆಚಾರ್ಯ ಶ್ರೀ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾಯಿತು. ರಾಯಬಾಗ ತಾಲ್ಲೂಕಿನ ಕೊಳವೆಬಾವಿಯೊಂದರಿಂದ ಅವರ ಪಾರ್ಥಿವ ಶರೀರವನ್ನು ಹೊರತೆಗೆದರು. ಇಬ್ಬರ ಬಂಧನವಾಯಿತು. ಸಮಾಜವು ಊರೂರಲ್ಲಿ ಮೌನ ಮೆರವಣಿಗೆ ನಡೆಸಿತು. ಅದು ನಮ್ಮ ಪರಂಪರೆಗೆ ತಕ್ಕ ನಡೆ. ಆದರೆ ಬೀದಿಯಲ್ಲಿ ಮೌನವಾಗಿದ್ದ ನಾಲಗೆಗಳೇ ಅಂಗಡಿಗಳಲ್ಲಿ, ಫೋನುಗಳಲ್ಲಿ ಹೇಗೆ ಹರಿದಾಡಿದವೆಂಬುದು ಕೇಳಿದವರಿಗೆ ಗೊತ್ತು. ‘ಹಿಂದೆ ಯಾರೋ ಇದ್ದಾರೆ’, ‘ಇಂಥ ಜಾತಿಯವರದೇ ಕೆಲಸ’, ‘ನೋಡಿರಿ, ಕೊನೆಗೆ ಹೀಗೇ ಆಗುತ್ತದೆ.’ ಒಬ್ಬ ಮುನಿಗಳ ಮರಣವು ಮುಂದಿನ ಕಂತಿಗಾಗಿ ಕಾಯುವ ಕಥೆಯಾಯಿತು. ಹೀಗೆ ಮಾತನಾಡಲು ನಮಗೆ ಯಾರು ಕಲಿಸಿದರು? ಪ್ರತಿ ರಾತ್ರಿ ಅರ್ಧ ಗಂಟೆಯ ಅಭ್ಯಾಸವೇ ಕಲಿಸಿತು. ಸಾಕ್ಷ್ಯವಿಲ್ಲದೆ ಪರರ ಮೇಲೆ ದೋಷ ಹೊರಿಸುವುದನ್ನು ಶಾಸ್ತ್ರ ಅಭ್ಯಾಖ್ಯಾನವೆನ್ನುತ್ತದೆ. ಪಾತ್ರಗಳ ಮೇಲೆ ರೂಢಿಸಿಕೊಂಡದ್ದನ್ನು ನಾವು ಮನುಷ್ಯರ ಮೇಲೆ ಪ್ರಯೋಗಿಸುತ್ತೇವೆ. ಅದರ ಮೊದಲ ಬಲಿ ಯಾವಾಗಲೂ ಮನೆಯ ಆಳು, ಬಡ ನೆಂಟ, ವಿಧವೆ, ಪರಕೀಯ.

ಊಹೆಗೆ ಪಣವೂ ಸೇರಿದರೆ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವೇ ಬಂದಂತಾಯಿತು. ಚಹಾದ ಪಣ, ಹತ್ತು ರೂಪಾಯಿಯ ಪಣ ಎಂದು ನಗಬಾರದು. ಓಸಿ ಮಟ್ಕಾದಿಂದ ಹಾಳಾದ ಮನೆಗಳನ್ನು ನಮ್ಮ ಭಾಗದಲ್ಲಿ ಕಾಣದವರಿಲ್ಲ. ‘ಇದು ಅದೃಷ್ಟವಲ್ಲ, ಕೌಶಲ’ ಎಂಬ ವಾದ ನ್ಯಾಯಾಲಯಗಳಲ್ಲೂ ನಡೆದಿದೆ. ಕರ್ನಾಟಕವು 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ತಳ್ಳಿಹಾಕಿತು. ಆದರೆ 2025ರ ಕೇಂದ್ರದ ಕಾಯಿದೆಯು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟವೆಂಬ ಭೇದವಿಲ್ಲದೆ ನಿಷೇಧಿಸಿತು. ಆ ಭೇದವನ್ನು ನಮ್ಮ ಶ್ರಾವಕಾಚಾರಗಳು ಎಂದೂ ಮಾಡಿರಲಿಲ್ಲ.

ವ್ಯಾಪಾರಿಯ ಒಂದು ಲೆಕ್ಕವನ್ನೂ ಮುಂದಿಡುತ್ತೇನೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ; ವರ್ಷಕ್ಕೆ 130 ಗಂಟೆ, ಅಂದರೆ 7,800 ನಿಮಿಷ. ಒಂದು ಸಾಮಾಯಿಕಕ್ಕೆ 48 ನಿಮಿಷ. 162 ಸಾಮಾಯಿಕಗಳನ್ನು ಖರ್ಚಿಗೆ ಬರೆದು ನಾವು ಕೊಂಡುತಂದದ್ದು ಒಂದು ಕಲ್ಪಿತ ಹೆಸರನ್ನು. ಇಂಥ ಖಾತೆಯನ್ನು ಯಾವ ಸೆಟ್ಟಿಯೂ ತನ್ನ ಅಂಗಡಿಯಲ್ಲಿ ಒಪ್ಪುವುದಿಲ್ಲ.

ಆದ್ದರಿಂದ ನನ್ನ ವಿನಂತಿಗಳು ಇವು. ಟ್ರಸ್ಟಿನ ಮಹನೀಯರು ದಶಲಕ್ಷಣ ಪರ್ವದ ಸಂಜೆಗಳಲ್ಲಿ ಪತ್ತೇದಾರಿ ಸ್ಪರ್ಧೆಯ ಪ್ರಸ್ತಾಪ ಬಂದರೆ ನಿರಾಕರಿಸಲಿ. ಬದಲಿಗೆ ವಡ್ಡಾರಾಧನೆಯ ಒಂದೊಂದು ಕಥೆಯನ್ನು ಹೇಳಿಸಿ, ಯಾವ ಕಷಾಯವು ಎಲ್ಲಿ ತಲೆಯೆತ್ತಿತೆಂದು ಮಕ್ಕಳನ್ನು ಕೇಳಲಿ. ಮಕ್ಕಳು ಬುದ್ಧಿವಂತರು, ಬೇಗನೆ ಹೇಳುತ್ತಾರೆ. ಮನೆಯಲ್ಲಿ ಧಾರಾವಾಹಿ ನೋಡುವವರು ಕನಿಷ್ಠ ತೀರ್ಪು ಕೊಡುವುದನ್ನು ಬಿಡಲಿ, ಪಣವನ್ನಂತೂ ಸರ್ವಥಾ ತ್ಯಜಿಸಲಿ. ನಿಜವಾದ ಅಪರಾಧ ನಡೆದಾಗ ನ್ಯಾಯಾಲಯವು ಹೇಳುವವರೆಗೆ ಯಾರ ಹೆಸರನ್ನೂ ಆಡುವುದಿಲ್ಲವೆಂಬ ನಿಯಮವನ್ನು ಪ್ರತಿಯೊಬ್ಬ ಶ್ರಾವಕ, ಶ್ರಾವಿಕೆಯೂ ಸ್ವೀಕರಿಸಲಿ. ಇದಕ್ಕೆ ಉಪವಾಸವೂ ಬೇಡ, ಖರ್ಚೂ ಇಲ್ಲ. ನಾಲಗೆಯೊಂದನ್ನು ಹಿಡಿದರೆ ಸಾಕು. ಪರರ ಕೊನೆಯನ್ನು ಊಹಿಸುತ್ತ ಕೂಡುವುದಕ್ಕಿಂತ ನಮ್ಮ ಕೊನೆಯು ಸಮಾಧಿಮರಣವಾಗಲೆಂದು ಭಾವಿಸುವುದು, ಸಲ್ಲೇಖನದ ಶಾಸನಗಳನ್ನು ಎದೆಯಲ್ಲಿಟ್ಟುಕೊಂಡಿರುವ ಕೊಪಣದ ನೆಲದಲ್ಲಿ ಬಾಳುವವರಿಗೆ ಹೆಚ್ಚು ಶೋಭಿಸುತ್ತದೆ.