ಗೋಧಿ ಬೇಡ ಅಂದವರೆಲ್ಲ ಶೋಕಿಗೆ ಅಂದವರಲ್ಲ

‘ಅದು ಉತ್ತರದವರ ರೋಗ, ನಮ್ಮ ಕಡೆ ಇಲ್ಲ.’ ಸೀಲಿಯಾಕ್ ಎಂಬ ಕಾಯಿಲೆಯ ಬಗ್ಗೆ ಈ ಮಾತನ್ನು ನಾನು ಮೂರು ಥರದ ಜನರ ಬಾಯಲ್ಲಿ ಕೇಳಿದ್ದೇನೆ. ಒಬ್ಬರು ವೈದ್ಯರು. ಇನ್ನೊಬ್ಬರು ಸುದ್ದಿಮನೆಯ ಡೆಸ್ಕಿನವರು. ಮೂರನೆಯವರು ಮದುವೆ ಪಂಕ್ತಿಯಲ್ಲಿ ಬಡಿಸುತ್ತಿದ್ದ ಸಂಬಂಧಿಕರು. ಮೂವರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಮೂವರೂ ತಪ್ಪು. ಆ ತಪ್ಪಿನ ಬೆಲೆಯನ್ನು ತೆರುತ್ತಿರುವವರು ನಮ್ಮ ಹಳ್ಳಿಗಳ ಮಕ್ಕಳು ಮತ್ತು ಹೆಂಗಸರು.

ಮೊದಲು ಕಾಯಿಲೆ ಏನೆಂದು ಹೇಳಿಬಿಡುತ್ತೇನೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟನ್ ಎಂಬ ಪ್ರೋಟೀನು ಇದೆ. ಚಪಾತಿ ಹಿಟ್ಟು ಜಿಗುಟಾಗಿ ಎಳೆದಂತೆ ಬರುವುದು ಅದರಿಂದಲೇ. ಸೀಲಿಯಾಕ್ ಇರುವವರ ದೇಹ ಈ ಗ್ಲುಟನ್ ಒಳಗೆ ಹೋದ ಕೂಡಲೇ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಆಹಾರದ ಸಾರ ಹೀರಿಕೊಳ್ಳುವ, ಬೆರಳಿನಂಥ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ತಿಂದದ್ದು ಮೈಗೆ ಹತ್ತುವುದಿಲ್ಲ. ಕೆಲವರಿಗೆ ಭೇದಿ, ಹೊಟ್ಟೆ ಉಬ್ಬರ. ಇನ್ನು ಕೆಲವರಿಗೆ ಹೊಟ್ಟೆಯ ತೊಂದರೆಯೇ ಇರುವುದಿಲ್ಲ; ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತಹೀನತೆ, ಬೆಳೆಯದ ಎತ್ತರ, ತಡವಾಗಿ ಬರುವ ಮುಟ್ಟು, ಮತ್ತೆ ಮತ್ತೆ ಆಗುವ ಗರ್ಭಪಾತ, ಟೊಳ್ಳಾಗುವ ಮೂಳೆ ಇರುತ್ತವೆ. ಇದಕ್ಕೆ ಗುಳಿಗೆ ಇಲ್ಲ, ಇಂಜೆಕ್ಷನ್ ಇಲ್ಲ. ಇರುವ ಚಿಕಿತ್ಸೆ ಒಂದೇ: ಜೀವನಪೂರ್ತಿ ಗ್ಲುಟನ್ ಇಲ್ಲದ ಊಟ. ಅದನ್ನು ಪಾಲಿಸಿದರೆ ಕರುಳು ನಿಧಾನವಾಗಿ ಚೇತರಿಸಿಕೊಳ್ಳುತ್ತದೆ.

ಇದನ್ನು ಕಂಡುಹಿಡಿದದ್ದು ಯಾವ ತೂಕ ಇಳಿಸುವ ಕ್ಲಿನಿಕ್ಕಿನಲ್ಲೂ ಅಲ್ಲ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರಿಗೆ 1930ರ ದಶಕದಲ್ಲೇ ಗೋಧಿಯ ಮೇಲೆ ಅನುಮಾನವಿತ್ತು. 1944–45ರ ಚಳಿಗಾಲದಲ್ಲಿ, ಯುದ್ಧದ ಬರದಿಂದ ಆ ದೇಶದಲ್ಲಿ ಬ್ರೆಡ್ ಸಿಗದಾದಾಗ, ಈ ಕಾಯಿಲೆಯ ಮಕ್ಕಳು ಹಸಿವಿನ ನಡುವೆಯೂ ಸುಧಾರಿಸಿದ್ದು ಅವರ ಅನುಮಾನವನ್ನು ಗಟ್ಟಿ ಮಾಡಿತು. ಶೋಕಿಯ ಡಯೆಟ್ ಎಂದು ನಗುವವರು ನೆನಪಿಡಲಿ, ಇದರ ಚರಿತ್ರೆಯಲ್ಲಿರುವುದು ಉಪವಾಸ ಬಿದ್ದ ಮಕ್ಕಳು.

ಇನ್ನು ‘ನಮ್ಮ ಕಡೆ ಇಲ್ಲ’ ಎಂಬ ಮಾತಿಗೆ ಬರೋಣ. ಈ ಮಾತಿಗೆ ಆಧಾರವೇ ಇಲ್ಲ ಎಂದು ನಾನು ಹೇಳುವುದಿಲ್ಲ. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ದೇಶದ ಉತ್ತರ, ಈಶಾನ್ಯ, ದಕ್ಷಿಣ ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಿತು. ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23 ಜನರ ರಕ್ತದಲ್ಲಿದ್ದರೆ, ದಕ್ಷಿಣದಲ್ಲಿ ಶೇ 0.10 ಜನರಲ್ಲಿ ಮಾತ್ರ ಇದ್ದವು. ವೈದ್ಯರು ಇಲ್ಲಿಗೆ ಓದಿ ಪುಸ್ತಕ ಮುಚ್ಚಿಡುತ್ತಾರೆ. ಮುಂದಿನ ಸಾಲನ್ನೂ ಓದಬೇಕು. ಈ ಕಾಯಿಲೆಗೆ ದಾರಿ ಮಾಡಿಕೊಡುವ ವಂಶವಾಹಿಗಳು ಉತ್ತರದಲ್ಲಿ ಶೇ 38.1, ದಕ್ಷಿಣದಲ್ಲಿ ಶೇ 36.4 ಜನರಲ್ಲಿದ್ದವು. ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ.

ಅಂದರೆ ನಮ್ಮ ರಕ್ತ ನಮ್ಮನ್ನು ಕಾಪಾಡುತ್ತಿರಲಿಲ್ಲ. ಕಾಪಾಡುತ್ತಿದ್ದದ್ದು ಬಹುಮಟ್ಟಿಗೆ ನಮ್ಮ ಅನ್ನ, ಮುದ್ದೆ, ರೊಟ್ಟಿ. ಆ ತಟ್ಟೆ ಈಗ ಎಲ್ಲಿದೆ? ಸಕ್ಕರೆ ಕಾಯಿಲೆ ಎಂದ ಕೂಡಲೇ ‘ಅನ್ನ ಬಿಡಿ, ಚಪಾತಿ ತಿನ್ನಿ’ ಎಂಬ ಸಲಹೆ. ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಚಪಾತಿ. ಬಸ್‌ಸ್ಟ್ಯಾಂಡಿನಲ್ಲಿ ಬನ್ನು, ಪರೋಟ, ಗೋಬಿ ಮಂಚೂರಿ. ಜ್ವರ ಬಂದವನಿಗೆ ಬ್ರೆಡ್ಡು ಹಾಲು. ಮಗು ಬಡಕಲಾಯಿತೆಂದು ಹಾಲಿಗೆ ಬೆರೆಸುವ ಮಾಲ್ಟ್ ಪುಡಿ. ಅದರಲ್ಲಿ ಬಾರ್ಲಿಯೂ ಗೋಧಿಯೂ ಇರುವುದೇ ಹೆಚ್ಚು. ಮೇಲಾಗಿ ನಮ್ಮ ಗದಗ, ಧಾರವಾಡ, ಬಾಗಲಕೋಟೆ, ವಿಜಯಪುರ ಕಡೆ ಗೋಧಿ ಹೊಸದೇನಲ್ಲ, ಹಿಂಗಾರಿಗೆ ಎರೆಹೊಲದಲ್ಲಿ ಬೆಳೆಯುತ್ತೇವೆ. ತಮಿಳುನಾಡಿನ ಅನ್ನದ ತಟ್ಟೆಯ ಲೆಕ್ಕವನ್ನು ಗದಗಿನ ಹುಗ್ಗಿಯ ತಟ್ಟೆಗೆ ಹಾಕುವುದು ಯಾವ ನ್ಯಾಯ? ಸರಿ, ಅದೇ ಲೆಕ್ಕ ಹಾಕಿ: ಸಾವಿರಕ್ಕೆ ಒಬ್ಬರು. 2011ರ ಜನಗಣತಿಯಲ್ಲಿ 10 ಲಕ್ಷ ದಾಟಿದ ನಮ್ಮ ಗದಗ ಜಿಲ್ಲೆಯೊಂದರಲ್ಲೇ ಅದು ನೂರಾರು ಜನ. ಅವರೆಲ್ಲ ಎಲ್ಲಿದ್ದಾರೆ?

ಎಲ್ಲಿದ್ದಾರೆಂದು ನನಗೆ ಅಂದಾಜಿದೆ. ರಕ್ತಹೀನತೆಯ ಪಟ್ಟಿಯಲ್ಲಿದ್ದಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಇವರಲ್ಲಿ ಬಹಳಷ್ಟು ಜನರ ತೊಂದರೆಗೆ ಕಾರಣ ಬಡತನ, ಹೆರಿಗೆ, ಜಂತುಹುಳು, ಸೊಪ್ಪು ತರಕಾರಿ ಇಲ್ಲದ ಊಟ. ಎಲ್ಲವನ್ನೂ ಸೀಲಿಯಾಕ್ ಎನ್ನುವುದು ಮೂರ್ಖತನ. ಆದರೆ ತಿಂಗಳುಗಟ್ಟಲೆ ಮಾತ್ರೆ ತಿಂದೂ ಹಿಮೋಗ್ಲೋಬಿನ್ ಏರದ ಹುಡುಗಿಗೆ ಮತ್ತೆ ಅದೇ ಮಾತ್ರೆಯ ಪಟ್ಟಿ ಕೊಟ್ಟು ಕಳಿಸುವುದನ್ನು ಏನೆನ್ನಬೇಕು?

ನನ್ನ ಅಕ್ಕನ ಮಗಳನ್ನು ಐದು ವರ್ಷ ಹಾಗೆಯೇ ಕಳಿಸಿದರು. ಒಂಬತ್ತನೆಯ ವಯಸ್ಸಿನಿಂದ ಹದಿನಾಲ್ಕರವರೆಗೆ ಕಬ್ಬಿಣದ ಮಾತ್ರೆ, ಆಮೇಲೆ ಇಂಜೆಕ್ಷನ್, ನಡುನಡುವೆ ಜಂತಿನ ಔಷಧಿ. ‘ಹುಡುಗಿ ಸರಿಯಾಗಿ ಉಣ್ಣುವುದಿಲ್ಲ’ ಎಂದು ಅಕ್ಕನಿಗೆ ಬೈಗುಳ. ಶಕ್ತಿ ಬರಲೆಂದು ಅಕ್ಕ ದಿನವೂ ತುಪ್ಪ ಸವರಿದ ಚಪಾತಿ ತಿನ್ನಿಸಿದಳು. ಕೊನೆಗೆ ಹುಬ್ಬಳ್ಳಿಯಲ್ಲಿ ವೈದ್ಯರೊಬ್ಬರು ಬರೆದುಕೊಟ್ಟ ಒಂದು ರಕ್ತ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದ್ದು, ಇಷ್ಟರಿಂದ ಉತ್ತರ ಸಿಕ್ಕಿತು. ಆ ರಕ್ತ ಪರೀಕ್ಷೆಯ ಹೆಸರು ಟಿಟಿಜಿ ಐಜಿಎ. ಹೆಸರನ್ನು ಬರೆದಿಟ್ಟುಕೊಳ್ಳಿ. ಪರೀಕ್ಷೆಗೆ ಮೊದಲು ಗೋಧಿ ಬಿಡಬಾರದು ಎಂಬುದನ್ನೂ ಬರೆದಿಟ್ಟುಕೊಳ್ಳಿ; ಬಿಟ್ಟರೆ ಕಾಯಿಲೆ ಇದ್ದೂ ಇಲ್ಲವೆಂದು ಬರಬಹುದು. ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರು, ತಂದೆ ತಾಯಿಯೂ ಪರೀಕ್ಷೆ ಮಾಡಿಸಬೇಕು.

ಈ ವಿಷಯದ ಮೇಲೆ ನಾನೊಂದು ವರದಿ ಕಳಿಸಿದೆ. ಡೆಸ್ಕಿನಿಂದ ಫೋನು ಬಂತು: ‘ಇದು ಬೆಂಗಳೂರಿನ ಪುರವಣಿಗೆ ಹೋಗೋ ಸ್ಟೋರಿ ಮಾರಾಯಾ, ಜಿಲ್ಲಾ ಪುಟಕ್ಕಲ್ಲ.’ ಅವರನ್ನು ಪೂರ್ತಿ ದೂರುವಂತಿಲ್ಲ. ಅದೇ ಪುರವಣಿಯಲ್ಲಿ ‘ಗ್ಲುಟನ್ ಬಿಟ್ಟು ಸ್ಲಿಮ್ ಆಗಿ’ ಎಂಬ ಲೇಖನ ಬಂದಿರುತ್ತದೆ. ಮಾಲ್‌ಗಳಲ್ಲಿ ಗ್ಲುಟನ್-ಫ್ರೀ ಎಂದು ಬರೆದ ಬಿಸ್ಕತ್ತಿಗೆ ಸಾದಾ ಬಿಸ್ಕತ್ತಿನ ಹಲವು ಪಟ್ಟು ಬೆಲೆ. ಕಾಯಿಲೆ ಇಲ್ಲದವರು ಗೋಧಿ ಬಿಡುವುದು ಅವರವರ ಇಷ್ಟ. ಆದರೆ ಅವರ ಶೋಕಿ ಎಷ್ಟು ಜೋರಾಗಿದೆ ಎಂದರೆ, ನಿಜವಾದ ರೋಗಿ ಬಾಯಿ ಬಿಟ್ಟರೂ ಜನ ನಗುತ್ತಾರೆ. ಮದುವೆಯಲ್ಲಿ ಹೋಳಿಗೆ ಬೇಡವೆಂದ ಹುಡುಗಿಗೆ ‘ಈಗಿಂದಲೇ ಡಯೆಟ್ಟಾ?’ ಎನ್ನುತ್ತಾರೆ. ಮಠದ ದಾಸೋಹದಲ್ಲಿ ಗೋಧಿ ಹುಗ್ಗಿ, ಸತ್ಯನಾರಾಯಣ ಪೂಜೆಯಲ್ಲಿ ರವೆಯ ಪ್ರಸಾದ. ‘ಒಂದ ತುತ್ತು ತಿಂದ್ರ ಏನಾಗ್ತೈತಿ? ದೇವ್ರ ಪ್ರಸಾದ ಅದು’ ಎಂದು ಹಿರಿಯರೇ ಕೈಗೆ ಹಾಕುತ್ತಾರೆ. ಒಂದು ತುತ್ತಿನಿಂದಲೂ ಕರುಳಿಗೆ ಪೆಟ್ಟಾಗುತ್ತದೆ. ಅದು ಹೊರಗೆ ಕಾಣುವುದಿಲ್ಲ, ಅಷ್ಟೇ.

ವಿಪರ್ಯಾಸ ನೋಡಿ. ಈ ರೋಗದವರಿಗೆ ಬೇಕಾದ ಊಟ ಜಗತ್ತಿನಲ್ಲಿ ಎಲ್ಲಾದರೂ ಸುಲಭವಾಗಿ, ಅಗ್ಗವಾಗಿ ಸಿಗಬೇಕಿದ್ದರೆ ಅದು ನಮ್ಮ ನಾಡಿನಲ್ಲಿ. ಜೋಳ, ರಾಗಿ, ಸಜ್ಜೆ, ನವಣೆ, ಸಾಮೆ, ಅಕ್ಕಿ, ಗೋವಿನಜೋಳ, ಬೇಳೆಕಾಳು ಯಾವುದರಲ್ಲೂ ಗ್ಲುಟನ್ ಇಲ್ಲ. ಇಂಗ್ಲಿಷ್ ಹೆಸರಿನ ಪೊಟ್ಟಣ ಬೇಕಿಲ್ಲ, ರೊಟ್ಟಿ ಪಲ್ಯ ಸಾಕು. ಹಾಗಿದ್ದೂ ನಮ್ಮಲ್ಲಿ ಇದು ಕಷ್ಟವಾಗಿದೆ. ಕಾರಣ ಗಿರಣಿಯಿಂದ ಶುರುವಾಗುತ್ತದೆ. ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿದರೆ ಬರುವ ಹಿಟ್ಟು ಬರೀ ಜೋಳದ್ದಲ್ಲ. ಖಾನಾವಳಿಗಳಲ್ಲಿ ರೊಟ್ಟಿ ಮುರಿಯದಿರಲೆಂದು ಗೋಧಿ ಹಿಟ್ಟು ಬೆರೆಸುವವರಿದ್ದಾರೆ. ದೋಸೆ ಗರಿಗರಿಯಾಗಲೆಂದು ರವೆ, ಮೈದಾ ಹಾಕುವವರಿದ್ದಾರೆ. ಮಿರ್ಚಿ ಕಡಲೆ ಹಿಟ್ಟಿನದೇ, ಆದರೆ ಅದೇ ಎಣ್ಣೆಯಲ್ಲಿ ಪೂರಿ ಕರಿದಿರುತ್ತಾರೆ. ಒಗ್ಗರಣೆಯ ಇಂಗಿನ ಡಬ್ಬಿ ತಿರುಗಿಸಿ ಓದಿ, ಎಷ್ಟೋ ಡಬ್ಬಿಗಳಲ್ಲಿ ಗೋಧಿ ಹಿಟ್ಟು ಇರುತ್ತದೆ. ‘ರಾಗಿ’ ಎಂದು ದಪ್ಪಕ್ಷರದಲ್ಲಿ ಬರೆದ ಬಿಸ್ಕತ್ತಿನ ಹಿಂದೆ ಸಣ್ಣಕ್ಷರದಲ್ಲಿ ಮೈದಾ. ಖಪ್ಲಿ ಗೋಧಿ ಹಳೆಯ ತಳಿ, ಯಾರಿಗೂ ತೊಂದರೆ ಇಲ್ಲ ಎಂದು ಮಾರುವವರಿಗಂತೂ ನೇರವಾಗಿ ಹೇಳಬೇಕು: ಖಪ್ಲಿಯೂ ಗೋಧಿಯೇ, ಅದರಲ್ಲೂ ಗ್ಲುಟನ್ ಇದೆ, ಸೀಲಿಯಾಕ್ ಇರುವವರಿಗೆ ಅದೂ ವಿಷವೇ.

ಕಾನೂನು ಇಲ್ಲವೇ? ಇದೆ. ಕೆಜಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇದ್ದರೆ ಪೊಟ್ಟಣದ ಮೇಲೆ ಗ್ಲುಟನ್-ಫ್ರೀ ಎಂದು ಬರೆಯುವಂತಿಲ್ಲ. ಆದರೆ ಆ ನಿಯಮ ಪೊಟ್ಟಣಕ್ಕೆ. ಹಳ್ಳಿಯ ಗಿರಣಿಗೆ, ಕಿರಾಣಿ ಅಂಗಡಿಯ ಬಿಡಿ ಹಿಟ್ಟಿಗೆ, ಹಾಸ್ಟೆಲ್ ಅಡುಗೆಮನೆಗೆ ಲೇಬಲ್ಲೇ ಇಲ್ಲ.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಮೇಳ, ರ‍್ಯಾಲಿ, ಪಾಕ ಸ್ಪರ್ಧೆ ಎಲ್ಲದರ ಫೋಟೊ ನಾವೇ ಕಳಿಸಿದೆವು. ಸಿರಿಧಾನ್ಯ ಯಾರಿಗೆ ಔಷಧಿಯಷ್ಟೇ ಅಗತ್ಯವೋ ಅವರ ಹೆಸರು ಒಂದು ಭಾಷಣದಲ್ಲೂ ನನ್ನ ಕಿವಿಗೆ ಬೀಳಲಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮಾತ್ರೆಗೆ ಜಗ್ಗದ ರಕ್ತಹೀನತೆ, ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು, ಟೈಪ್ 1 ಮಧುಮೇಹದ ಮಕ್ಕಳು: ಇವರ ರಕ್ತದ ಮಾದರಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ತೆಗೆದು ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಪರೀಕ್ಷಿಸಲಿ. ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ತಂಡ ಎತ್ತರ, ತೂಕ ಹೇಗೂ ನೋಡುತ್ತದೆ, ಅಲ್ಲಿಂದಲೇ ಕಳಿಸಲಿ. ಕಾಯಿಲೆ ಖಚಿತವಾದವರಿಗೆ ಒಂದು ಕಾರ್ಡ್ ಕೊಡಲಿ. ಆ ಕಾರ್ಡ್ ತೋರಿಸಿದರೆ ಹಾಸ್ಟೆಲ್ಲಿನಲ್ಲಿ, ಅಂಗನವಾಡಿಯಲ್ಲಿ ಗೋಧಿಯ ಬದಲು ಅನ್ನ, ರಾಗಿ ಅಥವಾ ಜೋಳ ಸಿಗಲಿ, ಬೇರೆ ಪಾತ್ರೆಯಲ್ಲಿ. ಬೆಂಬಲ ಬೆಲೆ ಕೊಟ್ಟು ರಾಗಿ, ಜೋಳ ಖರೀದಿಸುವ ಸರ್ಕಾರಕ್ಕೆ ಇದು ಹೊರೆಯೇ?

ಗೆಳೆಯರೇ, ನಮ್ಮಲ್ಲಿ ಹೆಚ್ಚಿನವರು ಕೆಡಿಪಿ ಸಭೆಗೆ ಹೋಗುತ್ತೀರಿ. ಮುಂದಿನ ಸಭೆಯ ನಂತರ ನಿಮ್ಮ ಜಿಲ್ಲಾ ಆರೋಗ್ಯಾಧಿಕಾರಿಯನ್ನು ಒಂದೇ ಪ್ರಶ್ನೆ ಕೇಳಿ: ಕಳೆದ ಒಂದು ವರ್ಷದಲ್ಲಿ ಈ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಎಷ್ಟು ಟಿಟಿಜಿ ಪರೀಕ್ಷೆ ಆಗಿವೆ? ಉತ್ತರ ಸೊನ್ನೆ ಎಂದು ಬಂದರೆ, ‘ನಮ್ಮ ಕಡೆ ಆ ರೋಗ ಇಲ್ಲ’ ಎಂಬ ಮಾತಿಗೆ ಅರ್ಥ ಏನೆಂದು ನಿಮಗೇ ಗೊತ್ತಾಗುತ್ತದೆ. ಹುಡುಕದೇ ಇದ್ದದ್ದನ್ನು ಇಲ್ಲ ಎನ್ನುತ್ತಿದ್ದಾರೆ. ಆ ಸೊನ್ನೆಯನ್ನು ಜಿಲ್ಲಾ ಪುಟದಲ್ಲಿ ಅಚ್ಚು ಹಾಕಿಸುವುದು ನಮ್ಮ ಕೆಲಸ.