ನಮ್ಮ ಟೊಮೆಟೊ ಬಾಂಗ್ಲಾಕ್ಕೆ ಹೋದ್ರೆ ಖುಷಿ, ಕರೆಂಟು ಹೋದ್ರೆ ಸಿಟ್ಟು ಯಾಕೆ?

ಈ ವಾರ ನಮ್ಮೂರ ಗ್ರೂಪಿನಲ್ಲಿ ಒಂದು ಮೆಸೇಜು ಮತ್ತೆ ಓಡಾಡ್ತಾ ಇದೆ. "ನಮ್ಮ ರೈತನಿಗೆ ದಿನಕ್ಕೆ 7 ಗಂಟೆ ಕರೆಂಟು, ಬಾಂಗ್ಲಾದೇಶಕ್ಕೆ 24 ಗಂಟೆ. ಶೇರ್ ಮಾಡಿ." ಅಣ್ಣನ ಮಗ ಅದನ್ನ ನನಗೂ ಕಳಿಸಿ, "ಚಿಕ್ಕಪ್ಪ, ನೀವೂ ಪೇಜಲ್ಲಿ ಹಾಕಿ" ಅಂದ. ನಾನು ಹಾಕಲಿಲ್ಲ. ಯಾಕೆ ಹಾಕಲಿಲ್ಲ ಅಂತ ಇವತ್ತು ಸ್ವಲ್ಪ ಉದ್ದವಾಗಿಯೇ ಬರೀತೀನಿ, ಬಿಡುವು ಇದ್ದಾಗ ಓದಿ.

ಮೊದಲು ಒಂದು ತಪ್ಪು ಒಪ್ಕೋತೀನಿ. 2023ರ ಅಕ್ಟೋಬರಿನಲ್ಲಿ ಇದೇ ಥರದ ಮೆಸೇಜನ್ನ ನಾನೇ ಹತ್ತು ಜನಕ್ಕೆ ಕಳಿಸಿದ್ದೆ. ಆ ವರ್ಷ ನಿಮಗೆಲ್ಲ ನೆನಪಿದೆ. ಮಳೆ ಕೈಕೊಟ್ಟಿತ್ತು. ಪಂಪ್‌ಸೆಟ್ಟಿಗೆ 7 ಗಂಟೆ ತ್ರೀಫೇಸ್ ಇದ್ದದ್ದು 5 ಗಂಟೆ ಆಯ್ತು. ಅದೂ ಒಂದೇ ಸಲ ಬರ್ತಿರಲಿಲ್ಲ, ರಾತ್ರಿ ಎರಡು ಗಂಟೆ, ಹಗಲು ಮೂರು ಗಂಟೆ. ನನ್ನ ಬೋರು 1,200 ಅಡಿ. ಮೋಟರ್ ಹಾಕಿದ ಮೇಲೆ ನೀರು ಮೇಲೆ ಬಂದು ಡ್ರಿಪ್ ಲೈನ್ ತುಂಬೋಕೇ ಹೊತ್ತು ಹಿಡಿಯುತ್ತೆ. ಒಂದು ಎಕರೆ ಟೊಮೆಟೊ ಹೂವಿನ ಹಂತದಲ್ಲಿತ್ತು. ಸ್ಟಾರ್ಟರ್ ಪಕ್ಕದಲ್ಲೇ ಚಾಪೆ ಹಾಕ್ಕೊಂಡು ಮಲಗ್ತಿದ್ದೆ. ಆದ್ರೂ ಅರ್ಧ ತೋಟಕ್ಕೆ ನೀರು ಮುಟ್ಟಲಿಲ್ಲ, ಹೂವು ಉದುರಿ ಹೋಯ್ತು. ಹಾಕಿದ ದುಡ್ಡೂ ಬರಲಿಲ್ಲ. ಆ ಹೊಟ್ಟೆಯುರೀಲಿ ಯಾರೋ ಬರೆದದ್ದನ್ನ ಯೋಚನೆ ಮಾಡದೆ ಕಳಿಸಿಬಿಟ್ಟೆ.

ಆಮೇಲೆ ಪೇಪರು ಓದಿ, ತಿಳಿದೋರನ್ನ ಕೇಳಿ, ಲೆಕ್ಕ ಹಾಕಿ ನೋಡಿದೆ. ನಮ್ಮ ದೇಶದಿಂದ ಬಾಂಗ್ಲಾದೇಶಕ್ಕೆ ಕರೆಂಟು ಹೋಗೋಕೆ ಮೂರು ದಾರಿ ಇದೆ. ಒಂದು, ಪಶ್ಚಿಮ ಬಂಗಾಳದ ಬಹರಾಂಪುರದಿಂದ ಅವರ ಭೇರಾಮಾರಾಕ್ಕೆ. 2013ರಲ್ಲಿ 500 ಮೆಗಾವ್ಯಾಟ್‌ನಿಂದ ಶುರುವಾಗಿ 2018ರಲ್ಲಿ 1,000 ಆಯ್ತು. ಎರಡು, ತ್ರಿಪುರಾದಿಂದ ಕೊಮಿಲ್ಲಾಗೆ 160. ಮೂರು, ಜಾರ್ಖಂಡಿನ ಗೊಡ್ಡಾ ಕಲ್ಲಿದ್ದಲು ಸ್ಥಾವರದಿಂದ ಸುಮಾರು 1,500. ಎಲ್ಲಾ ಪೂರ್ತಿ ಓಡಿದರೂ 2,600ರ ಆಸುಪಾಸು. ನಮ್ಮ ದೇಶದ ಬೇಡಿಕೆ 2024ರ ಮೇ 30ರಂದು 2.5 ಲಕ್ಷ ಮೆಗಾವ್ಯಾಟ್ ಮುಟ್ಟಿತ್ತು. ಅಂದ್ರೆ ನೂರಕ್ಕೆ ಒಂದು. ಅದರಲ್ಲೂ ಗೊಡ್ಡಾ ಸ್ಥಾವರ ಕಟ್ಟಿದ್ದೇ ಅವರಿಗಾಗಿ, ಅದರ ಲೈನೂ ನೇರ ಅಲ್ಲಿಗೇ. ಆ ಕರೆಂಟನ್ನ ನಮ್ಮ ದೇಶದೊಳಗೂ ಮಾರಬಹುದು ಅಂತ ನಿಯಮ ಬದಲಾಗಿದ್ದು 2024ರ ಆಗಸ್ಟಿನಲ್ಲಿ. ಹಾಗಾಗಿ 2023ರ ಅಕ್ಟೋಬರಿನಲ್ಲಿ ಅದು ನನ್ನ ಬೋರಿಗೆ ಬರೋ ಮಾತೇ ಇರಲಿಲ್ಲ.

ಹಾಗಾದ್ರೆ ನನ್ನ ಟೊಮೆಟೊ ಒಣಗಿಸಿದ್ದು ಯಾರು? ಮಳೆ ಇಲ್ಲದೆ ಜಲಾಶಯ ತುಂಬಲಿಲ್ಲ, ಅಲ್ಲಿ ಕರೆಂಟು ಹುಟ್ಟೋದು ಕಮ್ಮಿ ಆಯ್ತು. ಮಳೆ ಇಲ್ಲದ್ದಕ್ಕೇ ನಾವೆಲ್ಲ ಒಟ್ಟಿಗೆ ಮೋಟರ್ ಹಾಕಿದ್ವಿ, ಬೇಡಿಕೆ ಜಾಸ್ತಿ ಆಯ್ತು. ಎರಡೂ ಕಡೆ ಏಟು. ಆಗ ನಮ್ಮ ರಾಜ್ಯ ಏನು ಮಾಡ್ತು ಗೊತ್ತಾ? ಉತ್ತರ ಪ್ರದೇಶ, ಪಂಜಾಬಿನ ಹತ್ರ ಕೈಗಡ ಕೇಳ್ತು. ದುಡ್ಡಿನ ಲೆಕ್ಕ ಅಲ್ಲ, ಈಗ ಇಷ್ಟು ಯೂನಿಟ್ ಕೊಡಿ, ಆಮೇಲೆ ನಾವು ಯೂನಿಟ್ಟನ್ನೇ ವಾಪಸ್ ಕೊಡ್ತೀವಿ ಅಂತ.

ಇದು ನಮಗೆ ಹೊಸದೇನಲ್ಲ. ನಮ್ಮ ಅಪ್ಪನ ಕಾಲದಲ್ಲಿ ಇದಕ್ಕೆ ಮುಯ್ಯಾಳು ಅಂತಿದ್ದರು. ಇವತ್ತು ನಮ್ಮ ರಾಗಿ ಕೊಯ್ಲಿಗೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾವು ಬರ್ತೀವಿ. ಇಬ್ಬರ ಬೆಳೆಯೂ ಒಂದೇ ದಿನ ಕೊಯ್ಲಿಗೆ ಬರಲ್ಲ ಅನ್ನೋದರಿಂದಲೇ ಮುಯ್ಯಾಳು ನಡೀತಿತ್ತು. ದೇಶ ದೇಶಗಳ ನಡುವೆ ತಂತಿ ಎಳೆಯೋದರ ಅರ್ಥವೂ ಅಷ್ಟೇ.

ನೇಪಾಳ ನೋಡಿ. ಹಿಮಾಲಯದ ನದಿಗಳು ಮಳೆಗಾಲದಲ್ಲಿ ಉಕ್ಕಿ ಹರೀತವೆ, ಚಳಿಗಾಲದಲ್ಲಿ ಬಡವಾಗ್ತವೆ. ಅಲ್ಲಿನ ಹೆಚ್ಚಿನ ಸ್ಥಾವರಗಳಿಗೆ ದೊಡ್ಡ ಅಣೆಕಟ್ಟು ಇಲ್ಲ, ಹರಿಯೋ ನೀರಿನಲ್ಲೇ ಚಕ್ರ ತಿರುಗಬೇಕು. ಹತ್ತು ಹದಿನೈದು ವರ್ಷದ ಹಿಂದೆ ಕಠ್ಮಂಡುವಿನಲ್ಲಿ ಚಳಿಗಾಲದಲ್ಲಿ ದಿನಕ್ಕೆ 16-18 ಗಂಟೆ ಕರೆಂಟು ಇಲ್ಲದ ಕಾಲ ಇತ್ತು. ಬಿಹಾರದ ಮುಜಫ್ಫರ್‌ಪುರದಿಂದ ನೇಪಾಳದ ಢಲ್ಕೇಬರ್‌ಗೆ ದೊಡ್ಡ ಲೈನು ಬಂದು 2016ರಲ್ಲಿ ಕರೆಂಟು ಹರಿಯಿತು. ಅದೇ ವರ್ಷದ ಕೊನೆಯಿಂದ ಕಠ್ಮಂಡುವಿನ ಕತ್ತಲೆ ಕರಗ್ತಾ ಬಂತು. ಈಗ ಮಳೆಗಾಲದಲ್ಲಿ ಅವರು ನಮಗೆ ಮಾರ್ತಾರೆ, ಚಳಿಗಾಲದಲ್ಲಿ ನಮ್ಮಿಂದ ಕೊಳ್ತಾರೆ. ಭೂತಾನ್ ಅಂತೂ 1986ರಿಂದಲೇ ಕೊಡ್ತಾ ಇದೆ, 336 ಮೆಗಾವ್ಯಾಟಿನ ಚುಖಾ ಸ್ಥಾವರ ಶುರುವಾದಾಗಿನಿಂದ. ಅವರಿಗೂ ಈಗ ಚಳಿಗಾಲದಲ್ಲಿ ನಮ್ಮ ಕರೆಂಟು ಬೇಕು.

ಇನ್ನು ಟೊಮೆಟೊ ವಿಷಯಕ್ಕೆ ಬರೋಣ. ಕೋಲಾರದ ಮಂಡಿಯಿಂದ ಬಾಂಗ್ಲಾ ಕಡೆಗೆ ಲಾರಿ ಹೊರಟರೆ ಆ ದಿನ ಬಾಕ್ಸಿನ ರೇಟು ಏರುತ್ತೆ. ಆವಾಗ ನಾವ್ಯಾರೂ "ನಮ್ಮ ಜನಕ್ಕೇ ಟೊಮೆಟೊ ಇಲ್ಲ, ಹೊರಗೆ ಯಾಕೆ ಕಳಿಸ್ತೀರ" ಅಂದಿಲ್ಲ. 2023ರ ಆಗಸ್ಟಿನಲ್ಲಿ ರೇಟು ಆಕಾಶ ಮುಟ್ಟಿದಾಗ ನೇಪಾಳದಿಂದ ಟೊಮೆಟೊ ತರಿಸಿದರು. ಆಗ ಮಾತ್ರ ಎಲ್ಲರೂ ಬೈದ್ವಿ, ನಾನೂ ಬೈದೆ. ಮಾರೋವಾಗ ಗಡಿ ಇರಬಾರದು, ಕೊಳ್ಳೋವಾಗ ಗಡಿ ಇರಬೇಕು ಅಂದ್ರೆ ಹೇಗೆ ಸ್ವಾಮಿ? ಟೊಮೆಟೊನಾದ್ರೂ ನಾಲ್ಕು ದಿನ ಇಡಬಹುದು. ಕರೆಂಟು ಹುಟ್ಟಿದ ಕ್ಷಣದಲ್ಲೇ ಖರ್ಚಾಗಬೇಕು, ಇಲ್ಲಾಂದ್ರೆ ಚಕ್ರ ನಿಲ್ಲಿಸಿ ನೀರು ಸುಮ್ಮನೆ ಹರಿಯಬಿಡಬೇಕು.

"ತಂತಿ ಜೋಡಿಸಿದರೆ ಅವರ ತೊಂದರೆ ನಮಗೂ ಹತ್ತಲ್ವಾ?" ಅಂತ ಅಣ್ಣನ ಮಗ ಕೇಳಿದ. ಒಳ್ಳೆ ಪ್ರಶ್ನೆ. ಜೋಡಿಸೋದರಲ್ಲಿ ಎರಡು ಥರ ಇದೆ. ಎರಡು ಕೆರೆಗೆ ನಡುವೆ ಕಾಲುವೆ ತೋಡಿದರೆ ಎರಡರ ಮಟ್ಟವೂ ಒಂದೇ ಆಗುತ್ತೆ, ಒಂದು ಏರಿ ಒಡೆದರೆ ಇನ್ನೊಂದೂ ಖಾಲಿ. ನೇಪಾಳ, ಭೂತಾನ್ ಜತೆ ನಮ್ಮದು ಈ ಥರ. ಇನ್ನೊಂದು, ಕಾಲುವೆ ಬೇಡ, ನಡುವೆ ಪಂಪ್ ಇಟ್ಟು ಬೇಕಾದಷ್ಟೇ ಎತ್ತಿ ಹಾಕೋದು. ಕರೆಂಟನ್ನ ಎ.ಸಿ.ಯಿಂದ ಡಿ.ಸಿ. ಮಾಡಿ, ಆ ಕಡೆ ಮತ್ತೆ ಎ.ಸಿ. ಮಾಡ್ತಾರೆ. ಭೇರಾಮಾರಾದಲ್ಲಿ ಇರೋದು ಇದೇ.

ಇದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 2003ರಲ್ಲಿ ಬಂದ ಡಿ.ಸಿ. ಲೈನು. 2012ರ ಜುಲೈ 30, 31ರಂದು ಉತ್ತರ, ಪೂರ್ವ ಭಾರತವೆಲ್ಲ ಕತ್ತಲಾದಾಗ ದಕ್ಷಿಣದ ಜಾಲ ಬೀಳಲಿಲ್ಲ. ಆಗ ನಾವು ಬೇರೆ ಕಡೆಗೆ ಸೇರಿಕೊಂಡಿದ್ದದ್ದು ಇಂಥ ಡಿ.ಸಿ. ಕೊಂಡಿಗಳಿಂದ ಮಾತ್ರ. ಕಾಲುವೆ ತೋಡಿದ್ದು 2013ರ ಡಿಸೆಂಬರ್ 31ಕ್ಕೆ, ರಾಯಚೂರು-ಸೋಲಾಪುರ ಲೈನಿನಿಂದ. ಅದಾದ ಮೇಲೆ ದೇಶಕ್ಕೆಲ್ಲ ಒಂದೇ ಜಾಲ.

ಇನ್ನೊಂದು ದಿನಾಂಕವೂ ನೆನಪಿಟ್ಕೊಳ್ಳಿ. 2014ರ ನವೆಂಬರ್ 1, ನಮ್ಮಲ್ಲಿ ರಾಜ್ಯೋತ್ಸವದ ಬಾವುಟ ಹಾರ್ತಿದ್ದ ದಿನ. ಭೇರಾಮಾರಾದ ಕೇಂದ್ರ ಟ್ರಿಪ್ ಆಗಿ 400 ಚಿಲ್ಲರೆ ಮೆಗಾವ್ಯಾಟ್ ಒಮ್ಮೆಲೇ ನಿಂತು ಹೋಯ್ತು. ಅಷ್ಟಕ್ಕೇ ಇಡೀ ಬಾಂಗ್ಲಾದೇಶ ಕತ್ತಲಾಯ್ತು. ನಮ್ಮ ಜಾಲಕ್ಕೆ ಏನೂ ಆಗಲಿಲ್ಲ. ತೊಂದರೆ ಹತ್ತಿದ್ದು ನಮಗಲ್ಲ, ಒಂದೇ ಕಡೆಯ ತಂತಿಯನ್ನ ಜಾಸ್ತಿ ನೆಚ್ಚಿಕೊಂಡ ಸಣ್ಣವರಿಗೆ.

ನನ್ನ ಅಭಿಪ್ರಾಯ ಇಲ್ಲೇ ಇದೆ. ಗಡಿ ದಾಟಿ ಕರೆಂಟು ಮಾರೋದು ತಪ್ಪಲ್ಲ. ಒಬ್ಬನೇ ಗಿರಾಕಿ, ಒಂದೇ ದಾರಿ ಇರೋದು ತಪ್ಪು. ಈ ವ್ಯಾಪಾರದಲ್ಲಿ ದಾರಿ ಇರೋದು ನಮ್ಮ ದೇಶದ ಕೈಯಲ್ಲಿ. ಹಾಗಾಗಿ ಜವಾಬ್ದಾರಿಯೂ ನಮ್ಮದೇ ಹೆಚ್ಚು.

ನೇಪಾಳ ಮೊದಲ ಸಲ ನಮ್ಮ ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಮಾರಿದ್ದು 2021ರ ನವೆಂಬರಿನಲ್ಲಿ. ಒಪ್ಪಿಗೆ ಸಿಕ್ಕಿದ್ದು ಬರೀ 39 ಮೆಗಾವ್ಯಾಟಿಗೆ, ಅದೂ ಭಾರತದ ನೆರವಿನಿಂದಲೇ ಕಟ್ಟಿದ್ದ ಎರಡು ಸ್ಥಾವರಗಳಿಂದ. ಚೀನಾದ ಬಂಡವಾಳ, ಗುತ್ತಿಗೆ ಇರೋ ಸ್ಥಾವರದ ಕರೆಂಟನ್ನ ನಾವು ಕೊಳ್ಳಲ್ಲ. ದೇಶದ ಭದ್ರತೆ ಅಂತ ಅದಕ್ಕೆ ಕಾರಣ ಇರಬಹುದು, ನಾನು ಅಲ್ಲಗಳೆಯಲ್ಲ. ಆದ್ರೆ ಒಂದೊಂದು ಸ್ಥಾವರಕ್ಕೂ ಬೇರೆ ಬೇರೆ ಒಪ್ಪಿಗೆ ಕೊಡೋ ಹೊತ್ತಿಗೆ ಅವರ ನದಿಯಲ್ಲಿ ನೀರು ಹರಿದು ಹೋಗಿರುತ್ತೆ. ಇದು ನಮಗೆ ಅರ್ಥ ಆಗದ ಕಷ್ಟವಾ? ಒಬ್ಬನೇ ದಲ್ಲಾಳಿ, ಸಾಲ ಕೊಟ್ಟವನೂ ಅವನೇ, ಮಂಡಿಗೆ ಹೋಗೋ ದಾರಿಯೂ ಅವನ ಹೊಲದ ಮೇಲೆ. "ನಾಳೆ ನೋಡೋಣ" ಅಂತ ಅವನು ಅಂದ್ರೆ ಹಣ್ಣು ಬಾಕ್ಸಿನಲ್ಲೇ ಕೊಳೆಯುತ್ತೆ.

ನೇಪಾಳಕ್ಕೂ ಬಾಂಗ್ಲಾಕ್ಕೂ ನಡುವೆ ಇರೋದು ನಮ್ಮ ಸಿಲಿಗುರಿ ಕಡೆಯ ಒಂದು ಕಿರಿದಾದ ಪಟ್ಟಿ. ನೇಪಾಳದ ಕರೆಂಟು ನಮ್ಮ ಲೈನಿನ ಮೇಲೆ ಬಾಂಗ್ಲಾಕ್ಕೆ ಹೋಗೋ ತ್ರಿಪಕ್ಷ ಒಪ್ಪಂದ ಆಗಿದ್ದು 2024ರ ಅಕ್ಟೋಬರ್ 3ರಂದು. ಎಷ್ಟಕ್ಕೆ? 40 ಮೆಗಾವ್ಯಾಟಿಗೆ. 10 ಎಚ್‌ಪಿ ಮೋಟರ್ ಲೆಕ್ಕ ಹಾಕಿದರೆ ಸುಮಾರು 5,000 ಮೋಟರ್ ಓಡೋಷ್ಟು. ಯೂನಿಟ್ಟಿಗೆ 6.4 ಅಮೆರಿಕನ್ ಸೆಂಟ್, ನಮ್ಮ ದುಡ್ಡಿನಲ್ಲಿ 5 ರೂಪಾಯಿ ಚಿಲ್ಲರೆ. ವರ್ಷಕ್ಕೆ ಐದು ತಿಂಗಳು, ಜೂನ್ 15ರಿಂದ ನವೆಂಬರ್ 15ರವರೆಗೆ. ಆ ವರ್ಷ ಕರೆಂಟು ಹೊರಟಿದ್ದು ನವೆಂಬರ್ 15ಕ್ಕೆ. ಅಂದ್ರೆ ಒಂದೇ ದಿನ! ಮತ್ತೆ ಮುಂದಿನ ಜೂನ್ ತನಕ ಕಾಯಬೇಕಾಯ್ತು. ಸಣ್ಣದಾದ್ರೂ ಇದು ಒಳ್ಳೆ ಶುರು ಅಂತಲೇ ಹೇಳ್ತೀನಿ. ಇಲ್ಲಿ ನಾವು ಕೊಳ್ಳೋರೂ ಅಲ್ಲ, ಮಾರೋರೂ ಅಲ್ಲ, ದಾರಿ ಬಿಟ್ಟು ಬಾಡಿಗೆ ತಗೊಂಡೋರು. 2024ರ ಜನವರಿಯಲ್ಲಿ ಹತ್ತು ವರ್ಷದೊಳಗೆ 10,000 ಮೆಗಾವ್ಯಾಟ್ ಕೊಳ್ಳೋ ಒಪ್ಪಂದವನ್ನೂ ನಾವು ನೇಪಾಳದ ಜತೆ ಮಾಡ್ಕೊಂಡಿದ್ದೀವಿ. ಕಾಗದದಲ್ಲಿ ಬರೆದದ್ದು ತಂತಿಗೆ ಬರಬೇಕು.

ಭೂತಾನಿನ ಲೆಕ್ಕವೂ ಯೋಚನೆ ಮಾಡೋ ಹಾಗಿದೆ. ಚುಖಾ ಕಟ್ಟುವಾಗ ನಾವು ಕೊಟ್ಟದ್ದರಲ್ಲಿ ನೂರಕ್ಕೆ 60 ಭಾಗ ಸಹಾಯಧನ, 40 ಸಾಲ. 2019ರಲ್ಲಿ ಮುಗಿದ ಮಾಂಗ್ದೆಛುಗೆ 30 ಸಹಾಯಧನ, 70 ಸಾಲ. ಸಾಲ ಕೊಟ್ಟವರೂ ನಾವೇ, ಕರೆಂಟು ಕೊಳ್ಳೋರೂ ನಾವೇ. ಹಾಗಿರುವಾಗ ರೇಟು ಕಟ್ಟೋದರಲ್ಲಿ ಧರ್ಮ ಇರಬೇಕು.

ಕೊಳ್ಳೋರಿಗೂ ಧರ್ಮ ಇರಬೇಕು ಅನ್ನೋದನ್ನ ಬಿಡಲ್ಲ. 2024ರ ಕೊನೆಯಲ್ಲಿ ಬಾಂಗ್ಲಾ ಬಾಕಿ ಏರಿ ಏರಿ 80 ಕೋಟಿ ಡಾಲರ್ ದಾಟಿದೆ ಅಂತ ಸುದ್ದಿ ಬಂತು, ಗೊಡ್ಡಾದ ಸರಬರಾಜು ಅರ್ಧಕ್ಕೆ ಇಳಿಯಿತು. ಲಾರಿ ಹೋಗಿ ದುಡ್ಡು ಬರದಿದ್ದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ರೆ ಅಂಥ ಸ್ಥಾವರ ಕಲ್ಲಿದ್ದಲು ಸುಟ್ಟು ದುಬಾರಿ ಕರೆಂಟು ಕೊಡ್ತಿದ್ದರೆ, ಪಕ್ಕದಲ್ಲೇ ನೇಪಾಳದ ಹರಿಯೋ ನೀರು ಸುಮ್ಮನೆ ಹೋಗ್ತಿತ್ತು ಅನ್ನೋದೂ ನಿಜ. ದಾರಿ ಅಗಲ ಇದ್ದಿದ್ದರೆ ಮೂರು ದೇಶದವರಿಗೂ ಲಾಭ ಆಗ್ತಿತ್ತು.

ಹಾಗಾದ್ರೆ ನಾವು ರೈತರು ಏನು ಕೇಳಬೇಕು? "ಅವರಿಗೆ ಯಾಕೆ ಕೊಟ್ಟಿರಿ" ಅಂತಲ್ಲ. ಮುಯ್ಯಾಳು ಲೆಕ್ಕ ಕೇಳಬೇಕು. ಬೇರೆ ರಾಜ್ಯದಿಂದ ಎಷ್ಟು ಯೂನಿಟ್ ಕೈಗಡ ತಂದಿರಿ, ಯಾವ ತಿಂಗಳು ವಾಪಸ್ ಕೊಡ್ತೀರಿ, ಆ ತಿಂಗಳು ಮಳೆ ಬರದಿದ್ದರೆ ನಮ್ಮ ಗಂಟೆ ಕತ್ತರಿಸ್ತೀರಾ, ಮುಂಚೆಯೇ ಹೇಳಿ. ಹಗಲು ಹೊತ್ತಿನಲ್ಲೇ ಒಂದೇ ಸಲಕ್ಕೆ ತ್ರೀಫೇಸ್ ಕೊಡಿ. ಇನ್ನೊಂದು, ಗಡಿ ಆಚೆಗಿರಲಿ ಈಚೆಗಿರಲಿ, ತಂತಿ ಹೋಗೋದು ಯಾರದೋ ರೈತನ ಹೊಲದ ಮೇಲೆ. 2024ರ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ಕಾಲಿನ ಜಾಗಕ್ಕೆ ಭೂಮಿ ಬೆಲೆಯ ಎರಡರಷ್ಟು, ತಂತಿ ಕೆಳಗಿನ ಪಟ್ಟಿಗೆ ನೂರಕ್ಕೆ 30 ಭಾಗ ಪರಿಹಾರ ಅಂತ ಇದೆ. ನಿಮ್ಮ ಹೊಲಕ್ಕೆ ಸರ್ವೆಯವರು ಬಂದರೆ ಇದನ್ನ ಕೇಳದೆ ಸಹಿ ಹಾಕಬೇಡಿ.

ಅಣ್ಣನ ಮಗನಿಗೆ ಇಷ್ಟೂ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ, "ಮೊದಲು ನಮಗೆ 7 ಗಂಟೆ ಸರಿಯಾಗಿ ಕೊಡಲಿ ಚಿಕ್ಕಪ್ಪ, ಆಮೇಲೆ ನೇಪಾಳ" ಅಂದ. ಅವನ ಮಾತಲ್ಲೂ ತಪ್ಪಿಲ್ಲ. ಆದ್ರೆ ಮುಂದಿನ ಬರಗಾಲಕ್ಕೆ ಆ 7 ಗಂಟೆ ಉಳೀಬೇಕಾದ್ರೆ, ಮಳೆ ಬಿದ್ದ ಕಡೆಯಿಂದ ಬೀಳದ ಕಡೆಗೆ ಕರೆಂಟು ಹರಿಯೋ ದಾರಿ ಇರಲೇಬೇಕು. ನಾವು ಆ ದಾರಿಯ ಕಟ್ಟಕಡೆಯಲ್ಲಿ ಇರೋರು.

ನಿಮ್ಮ ಕಡೆ 2023ರಲ್ಲಿ ಎಷ್ಟು ಗಂಟೆ ಬರ್ತಿತ್ತು, ಈಗ ಎಷ್ಟು ಬರ್ತಿದೆ ಅಂತ ಬರೀರಿ. ನನ್ನ ಲೆಕ್ಕದಲ್ಲಿ ತಪ್ಪಿದ್ರೆ ತಿದ್ದಿ. ನಮ್ಮ ಲೈನಿಗೆ ಈಗ ತ್ರೀಫೇಸ್ ಬರೋ ಹೊತ್ತು, ಹುರುಳಿಕಾಯಿಗೆ ನೀರು ಬಿಡಬೇಕು, ಹೊರಡ್ತೀನಿ.