ಎದೆಗೆ ಸ್ಟೆಂಟು ಬಿತ್ತು, ಮನಸ್ಸನ್ನು ಕೇಳಿದವರು ಯಾರು?



ನಾನು ನಿಟ್ಟೆಯಲ್ಲಿ ಸಣ್ಣದೊಂದು ಪ್ರೆಸ್ ಇಟ್ಟುಕೊಂಡವನು. ಮದುವೆ ಕಾಗದ, ರಶೀದಿ ಪುಸ್ತಕ, ಯಕ್ಷಗಾನದ ಹ್ಯಾಂಡ್‌ಬಿಲ್ಲು ಅಚ್ಚು ಹಾಕಿ ಬದುಕುವವನು. ಓದಿದ್ದು ಪಿಯುಸಿ. ಆದರೂ ಹೃದಯದ ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇನೆ. ಕಾರಣ ನನ್ನ ಅಣ್ಣ.

ಎರಡು ವರ್ಷದ ಹಿಂದೆ ಅವನಿಗೆ ಹೃದಯಾಘಾತವಾಯಿತು. ಸ್ಟೆಂಟು ಹಾಕಿದರು, ಜೀವ ಉಳಿಯಿತು. ಉಳಿಸಿದವರಿಗೆ ಕೈ ಮುಗಿಯುತ್ತೇನೆ. ಆದರೆ ಮನೆಗೆ ಬಂದವನು ನಮ್ಮ ಹಳೆಯ ಅಣ್ಣನಲ್ಲ. ರಾತ್ರಿ ಮೂರಕ್ಕೇ ಎದ್ದು ಜಗಲಿಯಲ್ಲಿ ಕೂರುತ್ತಿದ್ದ. ಬೆಳಗಿನವರೆಗೆ ಆಟ ನೋಡುತ್ತಿದ್ದವನು ಚೆಂಡೆ ಸದ್ದು ಕೇಳಿದರೆ ಬಾಗಿಲು ಹಾಕುತ್ತಿದ್ದ. "ನಾನಿನ್ನು ಯಾರಿಗೂ ಬೇಡದವ" ಎಂದು ಅತ್ತಿಗೆಯ ಹತ್ತಿರ ಅಳುತ್ತಿದ್ದ. ಕೊನೆಗೆ ಮಾತ್ರೆ ನುಂಗುವುದನ್ನೂ ಬಿಟ್ಟ. ನಾನು ಹೇಳಿದ್ದೇನು? "ಧೈರ್ಯ ಬೇಕು ಅಣ್ಣ, ನೀನೇ ಹೀಗಾದರೆ ಹೇಗೆ?"

ಆಸ್ಪತ್ರೆಯ ಫೈಲು ಪೂರ್ತಿ ಇಂಗ್ಲಿಷ್. ಬೆಂಗಳೂರಿನಲ್ಲಿರುವ ಮಗ ಅದರ ಫೋಟೊ ನೋಡಿ "ಎಲ್ಲಾ ನಾರ್ಮಲ್ ಅಪ್ಪ" ಎಂದ. ಪಂಪಿಂಗ್, ಸಕ್ಕರೆ, ಕೊಲೆಸ್ಟರಾಲ್ ಎಲ್ಲ ಬರೆದಿತ್ತು. ಮನಸ್ಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ!

ಇದು ನಮ್ಮ ಮನೆಯೊಂದರ ಕಥೆಯಲ್ಲ. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ತೀವ್ರ ಖಿನ್ನತೆ ಬರುತ್ತದೆ. 1993ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ 222 ರೋಗಿಗಳನ್ನು ಗಮನಿಸಿದಾಗ, ಖಿನ್ನತೆಯಿದ್ದವರು ಆರು ತಿಂಗಳೊಳಗೆ ಸಾಯುವ ಸಂಭವ ಹೆಚ್ಚೆಂದು ಕಂಡುಬಂತು. ಅಮೆರಿಕದ ಹೃದ್ರೋಗ ಸಂಘ 2008ರಲ್ಲೇ ಎರಡು ಪ್ರಶ್ನೆಯಿಂದ ಶುರುಮಾಡಿ ಎಂದಿತು: ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲವೇ? ಮನಸ್ಸು ಕುಗ್ಗಿದೆಯೇ?

ಎರಡೇ ಪ್ರಶ್ನೆ. ಆದರೆ ಯಾವ ಭಾಷೆಯಲ್ಲಿ? ನಮ್ಮವರು "ಡಿಪ್ರೆಶನ್" ಎಂದು ಹೇಳುವುದಿಲ್ಲ. "ಬೇಜಾರು", "ನಿದ್ದೆ ಇಲ್ಲ", "ಎದೆ ಭಾರ" ಎನ್ನುತ್ತಾರೆ. ಎದೆ ಭಾರ ಎಂದರೆ ಇಸಿಜಿ ತೆಗೆಯಲಿ, ತೆಗೆಯಲೇಬೇಕು. ಇಸಿಜಿ ಸರಿಯಿದೆ ಎಂದಾದ ಮೇಲೆ ಮುಂದಿನ ಮಾತು ಕೇಳುವವರು ಯಾರು?

ಅಣ್ಣನನ್ನು ಕೇಳಿದ್ದು ಬೇರೆಡೆಯ ಒಬ್ಬ ಎಳೆಯ ಡಾಕ್ಟರ್. ತುಳುವಿನಲ್ಲಿ, "ಮನಸ್ಸ್ ಎಂಚ ಉಂಡು?" ಎಂದರು. ಅಣ್ಣ ಅರ್ಧ ಗಂಟೆ ಮಾತಾಡಿದ. ಹೃದಯಕ್ಕೆ ತೊಂದರೆ ಕೊಡದ ಮಾತ್ರೆಯಿದೆ, ಮಾತಿನ ಚಿಕಿತ್ಸೆಯೂ ಇದೆ ಎಂದು ನಮಗೆ ತಿಳಿದದ್ದೇ ಆವತ್ತು. ಈಗ ಸಂಜೆ ನಡೆಯುತ್ತಾನೆ. ಆಟಕ್ಕೂ ಹೋಗುತ್ತಾನೆ, ಅರ್ಧ ರಾತ್ರಿಗೆ ಎದ್ದು ಬರುತ್ತಾನೆ. ಅಷ್ಟು ಸಾಕು.

ಮನಸ್ಸಿನ ಕಾಯಿಲೆಗೆ ಕನ್ನಡದಲ್ಲಿ ಪದವಿಲ್ಲ ಎನ್ನಬೇಡಿ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಈ ವಿಷಯದ ಮೇಲೆ ಕನ್ನಡದಲ್ಲೇ ರಾಶಿ ಪುಸ್ತಕ ಬರೆದಿದ್ದಾರೆ. ಪದ ಇದೆ. ಕೇಳುವ ಮನಸ್ಸಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷ್ ಡಿಸ್ಚಾರ್ಜ್ ಫಾರಂಗಳನ್ನು ನಾನೂ ಅಚ್ಚು ಹಾಕಿದ್ದೇನೆ, ದುಡ್ಡು ಎಣಿಸಿಕೊಂಡಿದ್ದೇನೆ. ಇನ್ನು ಮುಂದೆ ಯಾವ ಆಸ್ಪತ್ರೆ ಬಂದರೂ ಸರಿ, ಆ ಎರಡು ಪ್ರಶ್ನೆಯ ಕನ್ನಡ ಚೀಟಿಯನ್ನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಇದು ಭಿಕ್ಷೆಯಲ್ಲ, ರೋಗಿಯ ಹಕ್ಕು. ನೀವೂ ನಿಮ್ಮೂರಿನ ಆಸ್ಪತ್ರೆಯಲ್ಲಿ ಕೇಳಿ.

ನಗರದಲ್ಲಿರುವ ತಮ್ಮಂದಿರೇ, ತಂಗಿಯರೇ, ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಎಂದಷ್ಟೇ ಕೇಳಿ ಇಡಬೇಡಿ. "ಮನಸ್ಸು ಹೇಗಿದೆ ಅಪ್ಪ?" ಎಂದು ಕೇಳಿ, ಸುಮ್ಮನೆ ಕಾಯಿರಿ. ಸಾವಿನ ಮಾತು ಬಂದರೆ ತಡಮಾಡಬೇಡಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ, ನಂಬರು 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇವತ್ತೇ ಕೇಳಿ.